‘ನಾಟಿ ಪ್ರೋಟೀನ್’ ಎಂದರೆ ಕೋಳಿ ನೆನಪಾಗುತ್ತದಾ?

ಎಲ್ಲರಿಗೂ ನಮಸ್ಕಾರ. ವಿರಾಜಪೇಟೆ ಹತ್ತಿರ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುತ್ತೇನೆ. ಯೀಸ್ಟ್ ಬಗ್ಗೆ ಕನ್ನಡದಲ್ಲಿ ಪಾಠ ಬರೆಯುತ್ತಾ ಒಂದು ಪದದ ಹತ್ತಿರ ಸಿಕ್ಕಿಹಾಕಿಕೊಂಡಿದ್ದೇನೆ.

ಯೀಸ್ಟ್ ಕೋಶಕ್ಕೆ ಸುತ್ತ ಗೋಡೆ ಇದೆ. ಪುಸ್ತಕದಲ್ಲಿ ‘ಕೋಶಭಿತ್ತಿ’, ನನಗೆ ‘ಗೋಡೆ’ಯೇ ಸಾಕು. ಇಟ್ಟಿಗೆಯದಲ್ಲ, ಬಿದಿರಿನ ತಡಿಕೆಗೆ ಮಣ್ಣು ಮೆತ್ತಿದ ಹಳೇ ಗೋಡೆಯಂಥದ್ದು. ಒಳಗೆ ಗ್ಲೂಕಾನ್ ಎಂಬ ಸಕ್ಕರೆ ಸರಗಳ ಹೆಣಿಗೆ, ಚೂರು ಕೈಟಿನ್ ಎಂಬ ಇನ್ನೊಂದು ಬಗೆಯ ಸಕ್ಕರೆ ಸರ. ಹೊರಗಡೆ ಮ್ಯಾನೋಸ್ ಸಕ್ಕರೆ ಹೊತ್ತ ಪ್ರೋಟೀನ್‌ಗಳು.

ಈ ಪ್ರೋಟೀನ್‌ಗಳಿಗೆ ಏನೆನ್ನುವುದು? ‘ಮೇಲ್ಮೈ ಪ್ರೋಟೀನ್’ ಎಂದರೆ ಹಾಲಿನ ಕೆನೆ ಥರ ಸುಮ್ನೆ ಮೇಲೆ ಕೂತಿವೆ ಅನ್ನಿಸುತ್ತದೆ. ನಿಜಕ್ಕೂ ಇವುಗಳಲ್ಲಿ ಹೆಚ್ಚಿನವು ಮೊದಲು ಒಳಗಿನ ಪೊರೆಯಲ್ಲಿ ಜಿಪಿಐ ಎಂಬ, ಸಕ್ಕರೆ-ಕೊಬ್ಬು ಸೇರಿದ ಬೇರು ಊರಿ ನಿಂತಿರುತ್ತವೆ. ಆಮೇಲೆ ಬೇರು ತುಂಡಾಗುತ್ತದೆ. ಅದರ ಕೊಬ್ಬಿನ ತುದಿ ಪೊರೆಯಲ್ಲೇ ಉಳಿಯುತ್ತದೆ. ಪ್ರೋಟೀನ್ ಮಿಕ್ಕ ಮೋಟುಬೇರಿನ ಸಮೇತ ಗೋಡೆಗೆ ಹೋಗಿ ಬೀಟಾ-1,6-ಗ್ಲೂಕಾನ್‌ಗೆ ಕಚ್ಚಿಕೊಳ್ಳುತ್ತದೆ. ಅಗೆ ಕಿತ್ತು ಗದ್ದೆಗೆ ನೆಡುವುದೂ ಹೀಗೇ ಅಲ್ವಾ? ಕೀಳುವಾಗ ಒಂದಿಷ್ಟು ಬೇರು ಮಡಿಯಲ್ಲೇ ಹರಿದು ಉಳಿಯುತ್ತದೆ.

ಖುಷಿಯಾಗಿ ಬೋರ್ಡಿನ ಮೇಲೆ ‘ನಾಟಿ ಪ್ರೋಟೀನ್’ ಎಂದು ಬರೆದೆ. ಹಿಂದಿನ ಬೆಂಚಿನ ಹುಡುಗ, “ಸಾರ್, ಹಾಗಾದ್ರೆ ಫಾರಂ ಪ್ರೋಟೀನ್ ಯಾವುದು?” ಎಂದ. ಅವನ ತಪ್ಪಲ್ಲ ಬಿಡಿ. ‘ಭತ್ತದ ನಾಟಿ’ ಎಂದರೆ ನೆಡುವ ಕೆಲಸ, ‘ನಾಟಿ ಭತ್ತ’ ಎಂದರೆ ಊರ ತಳಿ. ಪದ ಮುಂದೆ ಬಂದ ಕೂಡಲೇ ಕೋಳಿ, ಮೊಟ್ಟೆ, ಔಷಧಿಯ ಸಾಲಿಗೆ ಸೇರಿಬಿಡುತ್ತದೆ.

‘ನಾಟಿದ’ ಎಂದರೆ ಮುಳ್ಳಿನ ನೆನಪು. ‘ಗೋಡೆ ಪ್ರೋಟೀನ್’ ಸಲೀಸು, ಆದರೆ ಕಿತ್ತು ನೆಟ್ಟ ಕತೆಯೇ ಹೋಯಿತು. ಸದ್ಯಕ್ಕೆ ‘ಗೋಡೆಗೆ ನೆಟ್ಟ ಪ್ರೋಟೀನ್’ ಎಂದಿಟ್ಟುಕೊಂಡಿದ್ದೇನೆ. ಉದ್ದ ಜಾಸ್ತಿಯಾಯಿತು.

ಇನ್ನೊಂದು. ಈ ಪ್ರೋಟೀನ್‌ಗಳಲ್ಲಿ ಕೆಲವು ಪಕ್ಕದ ಕೋಶದ ಮ್ಯಾನೋಸ್ ಹಿಡಿದುಕೊಳ್ಳುತ್ತವೆ. ಅದಕ್ಕೆ ಕ್ಯಾಲ್ಸಿಯಂ ಬೇಕು. ಆಗ ಯೀಸ್ಟ್ ಉಂಡೆ ಉಂಡೆಯಾಗಿ ತಳ ಸೇರುತ್ತದೆ. ನಮ್ಮ ಮನೆಯ ಶುಂಠಿ ವೈನ್ ಜಾಡಿಯನ್ನು ಬೆಳಕಿಗೆ ಹಿಡಿದು ಅತ್ತೆ, “ಗಸಿ ಕೂತಿದೆ, ಇನ್ನು ಬಸಿಯಬಹುದು” ಎನ್ನುತ್ತಾರೆ. ‘ಕೂರುವುದು’ ಎಂದರೆ ತಳಕ್ಕಿಳಿದದ್ದು ಮಾತ್ರ ಆಯಿತು. ಅದಕ್ಕೂ ಮುಂಚೆ ಒಂದನ್ನೊಂದು ಹಿಡಿದು ಉಂಡೆಯಾಗುವುದಕ್ಕೆ? ‘ಹೆಪ್ಪು’ ಮೊಸರಿನದು. ‘ಗಂಟುಕಟ್ಟು’ ಎಂದರೆ ಕೆಟ್ಟ ರಾಗಿಮುದ್ದೆ. ನಿಮ್ಮ ಕಡೆ ಬೇರೆ ಮಾತಿದ್ದರೆ ತಿಳಿಸಿ.