ಅರಬ್ಬಿಯ 'ಗುರ್ಬಾ'ಗೆ ಕನ್ನಡದಲ್ಲಿ ಏನನ್ನೋಣ? 'ಪರದೇಶಿ' ನಡೆಯುತ್ತಾ?

ಎಲ್ಲರಿಗೂ ನಮಸ್ಕಾರ.

ಪ್ಯಾಲೆಸ್ತೀನಿಯರ ಬಗ್ಗೆ ಇರುವ ಒಂದು ಸಾಕ್ಷ್ಯಚಿತ್ರಕ್ಕೆ ಕನ್ನಡ ಸಬ್‌ಟೈಟಲ್ ಬರೆಯುತ್ತಿದ್ದೇನೆ. ಗೆಳೆಯರೆಲ್ಲ ಸೇರಿ ನೋಡೋಣ ಅಂತ, ಅಷ್ಟೆ. ಅರಬ್ಬಿ ನನಗೆ ಅಲ್ಪಸ್ವಲ್ಪ ಬರುತ್ತದೆ. ಜೊತೆಗಿರುವ ಇಂಗ್ಲಿಷ್ ಸಬ್‌ಟೈಟಲಿನವರು 'ಬಲದ್' (ಊರು, ನಾಡು), 'ವತನ್' (ತಾಯ್ನಾಡು) ಎರಡಕ್ಕೂ ಒಂದೇ ಪದ ಹಾಕಿ ಕೈತೊಳೆದುಕೊಂಡಿದ್ದಾರೆ. ನಾನೂ ಅದನ್ನೇ ನೋಡಿಕೊಂಡು 'ತಾಯ್ನಾಡು, ತಾಯ್ನಾಡು' ಅಂತ ಬರೆಯುತ್ತಾ ಹೋದೆ. ಮರುದಿನ ಓದಿದರೆ ಆಗಸ್ಟ್ 15ರ ಭಾಷಣದ ಹಾಗಿತ್ತು.

ಒಂದು ದೃಶ್ಯ ಹೇಳುತ್ತೇನೆ. ಲೆಬನಾನಿನ ಸೈದಾ ಪಕ್ಕದ ಐನ್ ಅಲ್-ಹಿಲ್ವೆ, ಪ್ಯಾಲೆಸ್ತೀನಿ ನಿರಾಶ್ರಿತರ ಶಿಬಿರ. ಹೆಸರಿನ ಅರ್ಥ ಸಿಹಿನೀರಿನ ಬುಗ್ಗೆ, ಕಾಣುವುದು ಇಕ್ಕಟ್ಟು ಓಣಿ, ತಲೆಗೆ ತಾಗುವ ಹಾಗೆ ಜೋತುಬಿದ್ದ ಕರೆಂಟ್ ವೈರು. ಹತ್ತು ವರ್ಷದ ಹುಡುಗನನ್ನು 'ನಿನ್ನ ಬಲದ್ ಯಾವುದು?' ಅಂತ ಕೇಳುತ್ತಾರೆ. 'ಸಫ್ಫೂರಿಯಾ' ಅನ್ನುತ್ತಾನೆ, ಒಂದು ಕ್ಷಣವೂ ಯೋಚಿಸದೆ. ಪ್ಯಾಲೆಸ್ತೀನಿನ ಆ ಊರನ್ನು ಅವನೂ ಕಂಡಿಲ್ಲ, ಅವನಪ್ಪನೂ ಕಂಡಿಲ್ಲ. 1948ರ ಜುಲೈನಲ್ಲಿ ಇಸ್ರೇಲಿ ಸೇನೆಯ ಕೈಗೆ ಹೋದ ಊರು ಅದು. ಆ ಯುದ್ಧದಲ್ಲಿ ನೆಲೆ ಕಳೆದುಕೊಂಡ ಏಳು ಲಕ್ಷದಷ್ಟು ಜನರಲ್ಲಿ ಅಲ್ಲಿನವರೂ ಇದ್ದರು, ಶಿಬಿರದ ಒಂದು ಕೇರಿಗೆ ಇವತ್ತಿಗೂ ಅದೇ ಹೆಸರು. ಇಲ್ಲಿ ಬಲದ್ ಅಂದರೆ ಪಕ್ಕಾ ನಮ್ಮ 'ಊರು'. ಬೆಂಗಳೂರಲ್ಲೇ ಹುಟ್ಟಿದವರೂ 'ನಿಮ್ಮ ಊರು ಯಾವುದು' ಅಂದರೆ ಅಜ್ಜನ ಹಳ್ಳಿ ಹೆಸರು ಹೇಳ್ತಾರಲ್ವಾ, ಹಾಗೆ.

'ವತನ್' ನಮ್ಮಲ್ಲಿಗೆ ಬಂದು ಎಷ್ಟೋ ಕಾಲವಾಯಿತು, ಆದರೆ ಬೇರೆಯೇ ಆಗಿ ಕೂತಿದೆ. ನಮ್ಮ ಗದಗ ಕಡೆ ವತನ ಅಂದರೆ ಗೌಡಕಿಗೋ ಕುಲಕರ್ಣಿಕೆಗೋ ಬಿಟ್ಟುಕೊಟ್ಟ ಜಮೀನು. 'ನನ್ನ ವತನ ಹೋಯಿತು' ಅಂತ ಬರೆದರೆ ಚಿತ್ರದ ಮುದುಕ ಇನಾಂ ಭೂಮಿಯ ಕೇಸು ಸೋತ ಅಂದುಕೊಳ್ಳುತ್ತಾರೆ ಜನ. ಸುಮ್ನೆ 'ನಾಡು' ಅಂತ ಇಟ್ಟಿದ್ದೇನೆ. 'ತವರು' ಸೂಚಿಸಬೇಡಿ ದಯವಿಟ್ಟು, ತವರಿಗೆ ಹಬ್ಬಕ್ಕಾದರೂ ಹೋಗಿ ಬರಬಹುದು.

ನಿಜವಾದ ತೊಡಕು 'ಗುರ್ಬಾ'. ತನ್ನದಲ್ಲದ ಕಡೆ ಬದುಕುವುದು, ಆ ಬದುಕಿನ ಸಂಕಟ, ಎರಡೂ ಅದರಲ್ಲಿದೆ. 'ವಲಸೆ' ಆಗಲ್ಲ, ಅದು ದುಡಿಮೆಗೆ ಹೋಗುವವರ ಮಾತು. 'ಗಡೀಪಾರು' ರೌಡಿಗಳಿಗೆ. 'ವನವಾಸ'ಕ್ಕೆ ಹದಿನಾಲ್ಕು ವರ್ಷದ ಲೆಕ್ಕ ಇರುತ್ತದೆ. ಗುರ್ಬಾದ ಮೂಲದಿಂದಲೇ ಬಂದ ಇನ್ನೊಂದು ಪದ 'ಗರೀಬ್'. ಅರಬ್ಬಿಯಲ್ಲಿ ಅದಕ್ಕೆ ಹೊರಗಿನವನು, ಅಪರಿಚಿತ ಅಂತ ಅರ್ಥ. ನಮ್ಮ ಹತ್ತಿರ ಬರುವಷ್ಟರಲ್ಲಿ ಗರೀಬ ಬಡವನಾಗಿಬಿಟ್ಟ. ಆಮೇಲೆ ಹೊಳೆಯಿತು, ನಮ್ಮ 'ಪರದೇಶಿ'ಯೂ ಅದೇ ದಾರಿ ಹಿಡಿದಿದೆ! ಬೇರೆ ದೇಶದವನು ಅನ್ನುವ ಅರ್ಥ ಹಿಂದೆ ಸರಿದು, ಯಾರೂ ಇಲ್ಲದವನು, ದಿಕ್ಕುಗೆಟ್ಟವನು ಅಂತಾಗಿದೆ. 'ಮಗು ಪರದೇಶಿ ಆಯ್ತು' ಅಂತೀವಲ್ಲ. ಹಾಗಾಗಿ 'ಪರದೇಶಿತನ' ಬರೆದು ನೋಡಿದೆ. ಕೆಲವು ಕಡೆ ಚೆನ್ನಾಗಿ ಕೂರುತ್ತದೆ. ಆದರೆ ಬೈಗುಳದ ವಾಸನೆ ಜಾಸ್ತಿ ಆಯಿತಾ ಅಂತ ಅನುಮಾನ. ಚಿತ್ರದಲ್ಲಿ ಈ ಮಾತಾಡುವ ಅಜ್ಜಿ ತನ್ನನ್ನು ತಾನೇ ಕೀಳು ಮಾಡಿಕೊಂಡ ಹಾಗೆ ಕೇಳಿಸಬಾರದು. ಅಜ್ಜಿ 'ಅಲ್-ಗುರ್ಬಾ ಕುರ್ಬಾ' ಅನ್ನುವ ಗಾದೆಯನ್ನೂ ಹೇಳುತ್ತಾಳೆ, ಕುರ್ಬಾ ಅಂದರೆ ಸಂಕಟ. ಅದಕ್ಕೆ 'ಪರದೇಶ ಅಂದ್ರೆ ಪರದಾಟ' ಅಂತ ಹಾಕಿದೆ. ಪ್ರಾಸಕ್ಕೆ ಜೋತುಬಿದ್ದೆ ಅನ್ನಿಸಿದರೆ ಬೈಯಿರಿ.

ಇನ್ನೊಂದಿದೆ. ಸಫ್ಫೂರಿಯಾದ ಕೆಲವರು ಪಕ್ಕದ ನಜರೇತ್‌ನಲ್ಲೇ ಉಳಿದು ಇಸ್ರೇಲಿನ ಪ್ರಜೆಗಳಾದರು. ಆದರೆ ಗೈರುಹಾಜರಾದವರ ಆಸ್ತಿ ಬಗ್ಗೆ 1950ರಲ್ಲಿ ಬಂದ ಕಾನೂನಿನ ಲೆಕ್ಕದಲ್ಲಿ, ತಮ್ಮ ಹೊಲಮನೆಗೆ ಅವರು ಗೈರುಹಾಜರು. ಇಂಥವರನ್ನು ಅರಬ್ಬಿಯಲ್ಲಿ 'ಹಾದಿರ್ ಗಾಇಬ್' ಅನ್ನುತ್ತಾರೆ. ಎರಡೂ ಪದ ನಮ್ಮಲ್ಲಿವೆ, ಹಾಜರ್, ಗಾಯಬ್. 'ಹಾಜರಿದ್ದೂ ಗೈರು' ಅಂತ ಬರೆದಿದ್ದೇನೆ. 'ಇದ್ದೂ ಇಲ್ಲದವರು' ಅಂದರೆ ಕಿವಿಗೆ ಹಿತ, ಆದರೆ ಸರ್ಕಾರಿ ರಿಜಿಸ್ಟರಿನ ಒಣತನ ಹೋಗಿಬಿಡುತ್ತದೆ. ನನಗೆ ಆ ಒಣತನವೇ ಬೇಕು.

ಕೊನೆಗೆ ಸಣ್ಣದೊಂದು. ಅಜ್ಜಿ ಮೊಟ್ಟೆ ತೋರಿಸಿ 'ಬಲದಿ' ಅನ್ನುತ್ತಾಳೆ, ಫಾರಂದಲ್ಲ, ಊರಿನದು ಅಂತ. ನಾನು 'ಜವಾರಿ' ಅಂತ ಹಾಕಿದೆ. ಮೈಸೂರಿನ ಗೆಳೆಯ 'ನಾಟಿ' ಆಗಬೇಕು ಅಂತ ಹಠ ಹಿಡಿದಿದ್ದಾನೆ. ಈ ಜಗಳವನ್ನೂ ನೀವೇ ಬಗೆಹರಿಸಿ.