ಡ್ಯಾಂ ವಿಡಿಯೊ ಬಂದ ತಕ್ಷಣ ಹಾಕಬೇಕೋ, ವರದಿಗಾರರ ಸುದ್ದಿಗೆ ಕಾಯಬೇಕೋ?

ನದಿಪಾತ್ರ: ಕಂಪ್ಲಿ, ಗಂಗಾವತಿ ಭಾಗದ ಸುದ್ದಿಪುಟ ನಡೆಸುತ್ತಿದ್ದೇವೆ. ಮಳೆಗಾಲದಲ್ಲಿ ಜನರು ತುಂಗಭದ್ರಾ ಡ್ಯಾಂ ವಿಡಿಯೊಗಳನ್ನು ಕಳಿಸುತ್ತಲೇ ಇರುತ್ತಾರೆ. ಪತ್ರಿಕೆ, ಟಿ.ವಿ.ಗೆ ಕಾದರೆ ತಡ. ಬಂದದ್ದನ್ನೆಲ್ಲ ಹಾಕಿದರೆ ಗಾಬರಿ. ಯಾವುದನ್ನು ಎಷ್ಟು ನಂಬಬಹುದು?

ಡೆಸ್ಕ್‌ಮನೆ: 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರೆಸ್ಟ್‌ಗೇಟ್ (ಅಣೆಕಟ್ಟಿನ ಮೇಲ್ಭಾಗದಿಂದ ನೀರು ಬಿಡುವ ಗೇಟು) ಚೈನ್ ತುಂಡಾಗಿ ಕೊಚ್ಚಿಹೋಯಿತಲ್ಲ, ಆಗ ಒತ್ತಡ ತಗ್ಗಿಸಲು ಬೇರೆ ಗೇಟುಗಳನ್ನೂ ಎತ್ತಿದರು. ಇರುವುದು 33 ಗೇಟು. ಆ ದೃಶ್ಯವನ್ನಷ್ಟೇ ನೋಡಿದವರಿಗೆ ಅಣೆಕಟ್ಟೇ ಒಡೆದಂತೆ ಕಾಣುತ್ತದೆ. ನೀರು ಬರುತ್ತಿದೆ ಎಂಬುದಕ್ಕೆ ಜನರ ವಿಡಿಯೊ ಸಾಕ್ಷಿ. ಎಷ್ಟು, ಯಾಕೆ, ಇನ್ನೆಷ್ಟು ಹೊತ್ತು ಎಂಬುದು ಅದರಲ್ಲಿ ಸಿಗದು. ಅದಕ್ಕೆ ಡ್ಯಾಂ ನೋಡಿಕೊಳ್ಳುವ ತುಂಗಭದ್ರಾ ಮಂಡಳಿಯ ಎಂಜಿನಿಯರುಗಳನ್ನು ಕೇಳಿ, ತಪ್ಪಾದರೆ ತಿದ್ದುಪಡಿ ಹಾಕುವ ವರದಿಗಾರರೇ ಬೇಕು.

ಕಡತಶೋಧ: ಫಾರ್ವರ್ಡ್ ಮಾಡಿದವರನ್ನು ಬಿಡಿ, ಚಿತ್ರೀಕರಿಸಿದವರನ್ನೇ ಹಿಡಿಯಿರಿ. ವಿಡಿಯೊವನ್ನು ವಾಟ್ಸ್‌ಆ್ಯಪ್‌ನಲ್ಲಿ ‘ಡಾಕ್ಯುಮೆಂಟ್’ ಆಗಿ ಕಳಿಸಲು ಹೇಳಿ. ಮಾಮೂಲಿಯಾಗಿ ಕಳಿಸಿದರೆ ಕಡತ ಕುಗ್ಗಿ, ತೆಗೆದ ಸಮಯ, ಸ್ಥಳದ ಮಾಹಿತಿ ಅಳಿಸಿಹೋಗುತ್ತದೆ. ಕಡತದ ಹೆಸರಿನಲ್ಲಿರುವ ದಿನಾಂಕ ನೋಡಿ ಮೋಸಹೋಗುವವರೇ ಹೆಚ್ಚು. ವಾಟ್ಸ್‌ಆ್ಯಪ್ ಇಡುವ ಹೆಸರಿನಲ್ಲಿರುವುದು ವಿಡಿಯೊ ಬಂದ ದಿನ, ತೆಗೆದ ದಿನವಲ್ಲ. ಆಮೇಲೆ ಸ್ಪಷ್ಟವಾದ ಮೂರ್ನಾಲ್ಕು ದೃಶ್ಯಗಳ ಸ್ಕ್ರೀನ್‌ಶಾಟ್ ತೆಗೆದು, ಅಂಥದ್ದೇ ಚಿತ್ರ ಹುಡುಕಿಕೊಡುವ ಗೂಗಲ್ ಲೆನ್ಸ್‌ಗೆ ಹಾಕಿ. ಹಿಂದಿನ ವರ್ಷದ್ದಾದರೆ ಬಹಳ ಸಲ ಅಲ್ಲೇ ಸಿಕ್ಕಿಬೀಳುತ್ತದೆ. ಏನೂ ಸಿಗಲಿಲ್ಲ ಅಂದಮಾತ್ರಕ್ಕೆ ಹೊಸದು ಅಂದುಕೊಳ್ಳಬೇಡಿ. ಅದೇ ಜಾಗದಲ್ಲಿರುವ ಇನ್ನೊಬ್ಬರಿಂದ ಬೇರೆ ಕೋನದ ಫೋಟೊ ತರಿಸಿ.

ಕೆಳದಂಡೆ: ವೃತ್ತಿಪರರಲ್ಲೂ ಕೊರತೆಯಿದೆ. ಕ್ಯಾಮೆರಾಗಳೆಲ್ಲ ಡ್ಯಾಂ ಮುಂದೆ ನಿಂತರೆ ಕಂಪ್ಲಿ–ಗಂಗಾವತಿ ಸೇತುವೆ ಕಡೆ ತಿರುಗಿ ನೋಡುವವರಿಲ್ಲ. ಅಲ್ಲಿ ನಿಮ್ಮ ಜನರೇ ಮುಖ್ಯ. ದಂಡೆಗಿಳಿಯದೆ, ದೂರದ ಒಂದೇ ಜಾಗದಿಂದ, ಒಂದೇ ಕಂಬ ಕಾಣುವಂತೆ ಗಂಟೆಗೊಂದು ಫೋಟೊ ತೆಗೆಯಲಿ. ನೀರು ಏರಿತೋ ಇಳಿಯಿತೋ ಅದರಲ್ಲೇ ಗೊತ್ತಾಗುತ್ತದೆ. ಇನ್ನೊಂದು, ಕ್ಯುಸೆಕ್‌ ಮತ್ತು ಟಿಎಂಸಿ ಬೆರೆಸಬೇಡಿ. ಕ್ಯುಸೆಕ್ ಅಂದರೆ ಸೆಕೆಂಡಿಗೆ ಎಷ್ಟು ಘನ ಅಡಿ ನೀರು ಹರಿಯುತ್ತಿದೆ ಎಂಬುದು, ಟಿಎಂಸಿ ಒಟ್ಟು ನೀರಿನ ಪ್ರಮಾಣ (1 ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ). 1 ಲಕ್ಷ ಕ್ಯುಸೆಕ್ 24 ಗಂಟೆ ಹರಿದರೆ 8.64 ಟಿಎಂಸಿ. ಟಿ.ವಿ. ಪರದೆಯ ಕೆಳಗೆ ಓಡುವ ಸುದ್ದಿಪಟ್ಟಿಯಲ್ಲೂ ಇದು ಅದಲುಬದಲಾಗುತ್ತದೆ.

ನದಿಪಾತ್ರ: ಹೊರಹರಿವಿನ ಅಂಕಿ ಇನ್ನೂ ಸಿಗದಿದ್ದಾಗ ವಿಡಿಯೊ ತಡೆಹಿಡಿಯಬೇಕೇ?

ಡೆಸ್ಕ್‌ಮನೆ: ಬೇಡ. ಸ್ಥಳ, ಸಮಯ ಖಚಿತವಾದರೆ ಹಾಕಿ. ‘ಬೆಳಿಗ್ಗೆ 6.40, ಕಂಪ್ಲಿ ಸೇತುವೆ, ಸ್ಥಳೀಯರ ವಿಡಿಯೊ. ಹೊರಹರಿವಿನ ಅಧಿಕೃತ ಅಂಕಿ ಬಂದಿಲ್ಲ’ ಎಂದು ಮೊದಲ ಸಾಲಿನಲ್ಲೇ ಬರೆಯಿರಿ. ಅಂಕಿ ಬಂದಾಗ ಹೊಸ ಪೋಸ್ಟ್ ಬೇಡ, ಅದನ್ನೇ ತಿದ್ದಿ ತಿದ್ದಿದ ಸಮಯ ಸೇರಿಸಿ.