ಹೊಸ ರೌಟರ್ ಹಾಕಿದ ಮೇಲೆ ಇಂಟರ್ನೆಟ್ ಫೋನಿನಲ್ಲಿ ಆಚೆಯವರ ದನಿ ಕೇಳುತ್ತಿಲ್ಲ, ಒಳಕರೆಯೂ ಬರುತ್ತಿಲ್ಲ

ಪ್ರಶ್ನೆ

ದಾವಣಗೆರೆಯ ನಮ್ಮ ಮನೆಯಲ್ಲಿ ಫೈಬರ್ ಸಂಪರ್ಕದ ಮೇಲೆ ಇಂಟರ್ನೆಟ್ ಫೋನ್ ಸೇವೆಯನ್ನು ಪಡೆದಿದ್ದೇವೆ. ಸಣ್ಣದೊಂದು ಅಡಾಪ್ಟರಿಗೆ ಮಾಮೂಲಿ ಫೋನನ್ನು ಸಿಕ್ಕಿಸಿದ್ದೇವೆ. ತಂದೆಯವರು ಮೊಬೈಲ್ ಬಳಸುವುದಿಲ್ಲವಾದ್ದರಿಂದ ಬಂಧುಗಳೆಲ್ಲ ಆ ನಂಬರಿಗೇ ಕರೆ ಮಾಡುತ್ತಾರೆ. ಹಳೆಯ ರೌಟರ್ ಕೆಟ್ಟು, ಕಳೆದ ವಾರ ಅದೇ ಜಾಗಕ್ಕೆ ಹೊಸದನ್ನು ಹಾಕಿದಂದಿನಿಂದ ಎರಡು ತೊಂದರೆಗಳು ಕಾಣಿಸಿಕೊಂಡಿವೆ. ನಾವು ಕರೆ ಮಾಡಿದರೆ ಆ ಕಡೆಯವರು ಎತ್ತುತ್ತಾರೆ, ನಮ್ಮ ಮಾತು ಅವರಿಗೆ ಕೇಳಿಸುತ್ತದೆ, ಆದರೆ ಅವರ ದನಿ ನಮಗೆ ಒಂದಕ್ಷರವೂ ಕೇಳುವುದಿಲ್ಲ. ಒಳಬರುವ ಕರೆಗಳಂತೂ ಅಡಾಪ್ಟರನ್ನು ಆರಿಸಿ ಹೊತ್ತಿಸಿದ ಒಂದೆರಡು ನಿಮಿಷ ಮಾತ್ರ ಬರುತ್ತವೆ. ಆಮೇಲೆ ಹಸಿರು ದೀಪ ಉರಿಯುತ್ತಲೇ ಇದ್ದರೂ ಫೋನ್ ರಿಂಗ್ ಆಗುವುದಿಲ್ಲ. ವೈಫೈ, ಟಿವಿ ಎಲ್ಲವೂ ಚೆನ್ನಾಗಿ ನಡೆಯುತ್ತಿವೆ. ಸೇವೆ ಕೊಡುವವರು ತಮ್ಮ ಕಡೆ ಎಲ್ಲವೂ ಸರಿಯಿದೆ ಎಂದುಬಿಟ್ಟರು. ತಂದೆಯವರು ರಿಸೀವರನ್ನು ಕಿವಿಗೆ ಒತ್ತಿಕೊಂಡು ‘ಹಲೋ, ಹಲೋ’ ಎಂದು ಕೂಗುವುದನ್ನು ನೋಡಲಾಗುತ್ತಿಲ್ಲ. ಎಲ್ಲಿಂದ ಹುಡುಕಲು ಆರಂಭಿಸಲಿ?

ಉತ್ತರ 1

ನಿಮ್ಮ ಎರಡು ತೊಂದರೆಗಳಿಗೆ ಕಾರಣ ಬೇರೆಬೇರೆ ಇರುವಂತಿದೆ. ಆದ್ದರಿಂದ ಒಂದು ಸಲಕ್ಕೆ ಒಂದೇ ಸೆಟ್ಟಿಂಗ್ ಬದಲಾಯಿಸಿ ನೋಡಿ.

ಮೊದಲು ದನಿಯ ವಿಷಯ. ಕರೆಯನ್ನು ಕೂಡಿಸುವ ಕೆಲಸ ಸಿಪ್ ಎಂಬ ಕ್ರಮದ ಸಂದೇಶಗಳದು, ಅವು ಸಾಮಾನ್ಯವಾಗಿ ಯುಡಿಪಿ ಎಂಬ ಸಾಗಣೆ ಕ್ರಮದ 5060ನೇ ಪೋರ್ಟಿನಲ್ಲಿ (ಅಂದರೆ ಸಂಖ್ಯೆ ಹಾಕಿದ ಬಾಗಿಲಿನಲ್ಲಿ) ಓಡಾಡುತ್ತವೆ. ಮಾತು ಮಾತ್ರ ಆರ್‌ಟಿಪಿ ಪ್ಯಾಕೆಟ್‌ಗಳಾಗಿ ಬೇರೆ ಪೋರ್ಟುಗಳಲ್ಲಿ ಹರಿಯುತ್ತದೆ. ‘ದನಿಯನ್ನು ಈ ವಿಳಾಸಕ್ಕೆ ಕಳಿಸಿ’ ಎಂದು ಅಡಾಪ್ಟರು ಸಂದೇಶದ ಒಳಗೆ ಬರೆಯುವುದು ಮನೆಯೊಳಗಿನ 192.168 ಎಂದು ಶುರುವಾಗುವ ವಿಳಾಸವನ್ನು. ಹೊರಗಿನವರಿಗೆ ಆ ವಿಳಾಸದಿಂದ ಪ್ರಯೋಜನವಿಲ್ಲ. ಇದನ್ನು ತಿದ್ದಲೆಂದೇ ಬಹಳಷ್ಟು ರೌಟರುಗಳಲ್ಲಿ ಸಿಪ್ ಎಎಲ್‌ಜಿ ಎಂಬ ಸೌಲಭ್ಯ ಮೊದಲೇ ಚಾಲೂ ಆಗಿರುತ್ತದೆ, ಆದರೆ ಅನೇಕ ರೌಟರುಗಳು ಈ ತಿದ್ದುಪಡಿಯನ್ನು ಅರ್ಧಂಬರ್ಧ ಮಾಡುತ್ತವೆ: ಲಕೋಟೆಯ ಮೇಲಿನ ವಿಳಾಸ ಬದಲಾಗುತ್ತದೆ, ಒಳಗಿನ ಕಾಗದದಲ್ಲಿರುವುದು ಹಾಗೇ ಉಳಿಯುತ್ತದೆ. ಸೇವಾದಾರರ ಸರ್ವರಿಗೆ ಗ್ರಾಹಕರು ರೌಟರಿನ ಹಿಂದಿದ್ದಾರೆಂಬ ಸುಳಿವು ಸಿಗುವುದು ಲಕೋಟೆಯ ಮೇಲೆ ಬರೆದ ವಿಳಾಸಕ್ಕೂ ಅದು ನಿಜವಾಗಿ ಬಂದ ವಿಳಾಸಕ್ಕೂ ಇರುವ ವ್ಯತ್ಯಾಸದಿಂದ, ಅರ್ಧ ತಿದ್ದುಪಡಿ ಆ ವ್ಯತ್ಯಾಸವನ್ನೇ ಅಳಿಸಿಬಿಡುತ್ತದೆ; ಸುಳಿವು ಸಿಕ್ಕಿದರೆ ಅದು ನಿಮ್ಮ ದನಿ ಯಾವ ದಾರಿಯಲ್ಲಿ ಬಂತೋ ಅದೇ ದಾರಿಯಲ್ಲಿ ಆಚೆಯವರ ದನಿಯನ್ನು ಹಿಂದಿರುಗಿಸುತ್ತದೆ, ತಪ್ಪಿದರೆ ದನಿ ಎಲ್ಲಿಗೋ ಹೋಗುತ್ತದೆ. ಎಎಲ್‌ಜಿಯನ್ನು ಆಫ್ ಮಾಡಿ, ರೌಟರನ್ನೂ ಅಡಾಪ್ಟರನ್ನೂ ಮರುಚಾಲನೆ ಮಾಡಿ, ಒಂದು ಕರೆ ಮಾಡಿ ನೋಡಿ.

ಉತ್ತರ 2

ರೌಟರಿನಲ್ಲಿ, ಹೊರಗಿನಿಂದ ಬರುವುದನ್ನು ಒಳಗಿನ ಸಾಧನಕ್ಕೆ ದಾಟಿಸುವ ಪೋರ್ಟ್ ಫಾರ್ವರ್ಡಿಂಗ್‌ಗೆ ಹೋಗಿ 5060ನ್ನು ಅಡಾಪ್ಟರಿನ ವಿಳಾಸಕ್ಕೆ ತೆರೆದುಬಿಡಿ, ಒಳಕರೆಗಳು ಬರುತ್ತವೆ. ನಮ್ಮ ಕಚೇರಿಯಲ್ಲಿ ಹಾಗೆಯೇ ಮಾಡಿದ್ದೆವು.

ಪ್ರಶ್ನೆ ಕೇಳಿದವರು

ಸಿಪ್ ಎಎಲ್‌ಜಿ ‘ನ್ಯಾಟ್ ಫಾರ್ವರ್ಡಿಂಗ್’ ಎಂಬ ವಿಭಾಗದೊಳಗೆ ಅಡಗಿತ್ತು. ಆಫ್ ಮಾಡಿ ಎರಡನ್ನೂ ಮರುಚಾಲನೆ ಮಾಡಿದ ಕೂಡಲೇ ಎರಡೂ ಕಡೆಯ ದನಿ ಸ್ಪಷ್ಟವಾಗಿ ಕೇಳತೊಡಗಿತು. ಆದರೆ ಒಳಕರೆಗಳು ಸ್ವಲ್ಪ ಹೊತ್ತಿನ ನಂತರ ಮತ್ತೆ ನಿಲ್ಲುತ್ತಿವೆ. 5060ನ್ನು ತೆರೆದು ನೋಡಿದರೂ ಏನೂ ಬದಲಾಗಲಿಲ್ಲ. ರೌಟರಿನ ಮುಖಪುಟದಲ್ಲಿ ಹೊರಗಿನ ವಿಳಾಸ 100.72 ಎಂದು ಶುರುವಾಗುತ್ತದೆ.

ಉತ್ತರ 1 ಬರೆದವರು

ಆ ವಿಳಾಸವೇ ಕಾರಣವನ್ನು ತೋರಿಸುತ್ತಿದೆ. 100.64ರಿಂದ 100.127ರವರೆಗಿನ ವಿಳಾಸಗಳನ್ನು ಸೇವಾದಾರರ ಒಳಜಾಲಕ್ಕೆಂದೇ 2012ರಲ್ಲಿ ಮೀಸಲಿಡಲಾಗಿದೆ, ಅಂದರೆ ನಿಮ್ಮ ರೌಟರಿನ ಆಚೆಗೆ ಸೇವಾದಾರರ ಇನ್ನೊಂದು ನ್ಯಾಟ್ (ಒಳಗಿನ ವಿಳಾಸಗಳನ್ನು ಹೊರಗಿನ ವಿಳಾಸಕ್ಕೆ ಬದಲಿಸುವ ವ್ಯವಸ್ಥೆ) ಇದೆ. ನೀವು ತೆರೆದ ಪೋರ್ಟು ಅಲ್ಲಿಯೇ ಮುಚ್ಚಿರುವುದರಿಂದ ಫಾರ್ವರ್ಡಿಂಗ್‌ನಿಂದ ಫಲವಿಲ್ಲ. ದಯವಿಟ್ಟು ಅದನ್ನು ಇವತ್ತೇ ತೆಗೆದುಹಾಕಿ. ಮುಂದೊಂದು ದಿನ ನಿಮಗೆ ಸಾರ್ವಜನಿಕ ವಿಳಾಸ ಸಿಕ್ಕರೆ ಆ ಬಾಗಿಲು ತೆರೆದೇ ಇರುತ್ತದೆ. ತೆರೆದ 5060ನ್ನು ಹುಡುಕುತ್ತಾ ಜಾಲವಿಡೀ ಜಾಲಾಡುವ ಪ್ರೋಗ್ರಾಮುಗಳು, ದುರ್ಬಲ ಪಾಸ್‌ವರ್ಡ್ ಸಿಕ್ಕರೆ ನಿಮ್ಮ ಲೆಕ್ಕದಲ್ಲಿ ವಿದೇಶಕ್ಕೆ ಕರೆ ಮಾಡುತ್ತವೆ. ಈ ಸಲಹೆಯನ್ನು ಮನೆಯವರಿಗೆ ಕೊಡಬಾರದೆಂದು ನಾನು ಗಟ್ಟಿಯಾಗಿ ಹೇಳುತ್ತೇನೆ.

ಒಳಕರೆ ನಿಲ್ಲುವುದು ಹೀಗೆ. ಅಡಾಪ್ಟರು ಸರ್ವರಿಗೆ ತನ್ನ ಹಾಜರಿ ಹೇಳಿದಾಗ ರೌಟರಿನಲ್ಲಿ ಮರಳಿ ಬರುವ ದಾರಿಯೊಂದು ತೆರೆಯುತ್ತದೆ. ಅದನ್ನು ಕನಿಷ್ಠ 2 ನಿಮಿಷ ಉಳಿಸಬೇಕೆಂದು 2007ರ ಆರ್‌ಎಫ್‌ಸಿ 4787 ಎಂಬ ಇಂಟರ್ನೆಟ್ ಮಾನದಂಡದ ದಾಖಲೆ ಹೇಳಿದರೂ, ಕೆಲವು ರೌಟರುಗಳು ಅರ್ಧ ನಿಮಿಷ ಸದ್ದಿಲ್ಲದಿದ್ದರೆ ಮರೆತುಬಿಡುತ್ತವೆ. ಅಡಾಪ್ಟರು ಮತ್ತೆ ಹಾಜರಿ ಹೇಳುವುದು ಸಾಮಾನ್ಯವಾಗಿ 3600 ಸೆಕೆಂಡಿಗೊಮ್ಮೆ, ಅಂದರೆ ಗಂಟೆಗೊಮ್ಮೆ. ನಡುವಿನ ಹೊತ್ತಿನಲ್ಲಿ ದಾರಿ ಮುಚ್ಚಿರುತ್ತದೆ, ಅಡಾಪ್ಟರಿಗೆ ಅದರ ಅರಿವೇ ಇರುವುದಿಲ್ಲ, ಆದ್ದರಿಂದಲೇ ಹಸಿರು ದೀಪ. ಅಡಾಪ್ಟರಿನ ಪುಟದಲ್ಲಿ, ಆಗಾಗ ಸಣ್ಣ ಸಂದೇಶ ಕಳಿಸಿ ದಾರಿಯನ್ನು ತೆರೆದಿಡುವ ‘ಕೀಪ್ ಅಲೈವ್’ ಅನ್ನು ಚಾಲೂ ಮಾಡಿ 20 ಸೆಕೆಂಡಿಗೆ ಇಡಿ.

ಪ್ರಶ್ನೆ ಕೇಳಿದವರು

ಫಾರ್ವರ್ಡಿಂಗ್ ತೆಗೆದೆ, ಕೀಪ್ ಅಲೈವ್ 20ಕ್ಕೆ ಇಟ್ಟೆ. ಅರ್ಧ ಗಂಟೆ ಏನನ್ನೂ ಮುಟ್ಟದೆ ಬಿಟ್ಟು ಮಹಡಿಯಿಂದ ಮೊಬೈಲಿನಲ್ಲಿ ಕರೆ ಮಾಡಿದೆ. ಕೆಳಗೆ ಎರಡನೆಯ ರಿಂಗಿಗೇ ತಂದೆಯವರು ಎತ್ತಿದರು. ಅಡಾಪ್ಟರನ್ನು ಆರಿಸದೆ ಈಗ ಮೂರು ದಿನವಾಯಿತು. ನಿನ್ನೆ ರಾತ್ರಿ ಸಾಗರದಿಂದ ಅತ್ತೆಯವರ ಕರೆ ಬಂದು, ಇಬ್ಬರೂ ಬಹಳ ಹೊತ್ತು ಮಾತಾಡಿದರು. ನಿಮಗೆ ತುಂಬಾ ಧನ್ಯವಾದಗಳು.